ಕೊನೆಗೆ ಏಳುವವರ ದಿನ

ಟುರ್ಕು, ಆಗಸ್ಟ್ 14, 1920

ಅಣ್ಣಾ,

ಎಚ್ಚರವಾಗಿದೆ. ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ. ಅದಕ್ಕೇ ಮುಖ್ಯವಾದದ್ದನ್ನು ಮೊದಲು ಬರೆಯುತ್ತೇನೆ: ನಾನು ಬದುಕಿದ್ದೇನೆ.

ಆಸ್ಪತ್ರೆಯ ಕೋಣೆ ಉದ್ದವಾಗಿದೆ, ಬೆಳ್ಳಗಿದೆ. ಹನ್ನೆರಡು ಹಾಸಿಗೆಗಳಿವೆ. ಕಿಟಕಿಯಿಂದ ಒಂದು ಲಿಂಡನ್ ಮರ ಮಾತ್ರ ಕಾಣುತ್ತದೆ. ಮೊದಲ ಸಲ ಕಣ್ಣು ಬಿಟ್ಟಾಗ ಅದು ಎರಡಾಗಿ ಕಂಡಿತ್ತು, ಈಗ ಒಂದೇ. ಹದಿನೈದು ದಿನ ಮಲಗಿದ್ದೆನಂತೆ. ಸಿಸ್ಟರ್ ಡಾಗ್ಮಾರ್ ನನಗೆ ತಲೆ ಬಾಚುತ್ತಾ, "ನಿನ್ನ ಕೂದ್ಲಲ್ಲಿ ಇಷ್ಟೊಂದು ಉಪ್ಪು ಹೇಗಮ್ಮಾ ಬಂತು? ಜ್ವರದಲ್ಲಿ ಸಮುದ್ರಸ್ನಾನ ಮಾಡಿದ್ಯಾ?" ಎಂದು ಕೇಳಿದರು. ನನಗೇನು ಗೊತ್ತು?

ನನಗೆ ಕೊನೆಯದಾಗಿ ನೆನಪಿರುವುದು ಜುಲೈ 26ರ ಸಂಜೆ. ಮಾರನೆಯ ದಿನ ನಿದ್ದೆಬುರುಕರ ಹಬ್ಬ. ಮನೆಯಲ್ಲಿ ಕೊನೆಗೆ ಏಳುವವರನ್ನು ಹೊತ್ತು ಸಮುದ್ರಕ್ಕೆ ಎಸೆಯುವ ದಿನ. "ನಾಳೆ ನೀರಿಗೆ ಬೀಳೋಳು ಯಾರು ಅಂತ ಕಾಗೆಗೂ ಗೊತ್ತು" ಎಂದು ನೀನು ಹಂಗಿಸಿದ್ದೆ. ಈ ಸಲ ಯಾರನ್ನು ಎಸೆದಿರಿ? ನಾನು ಇಲ್ಲಿಗೆ ಹೇಗೆ ಬಂದೆ?

ಮಾರ್ಚಿನಲ್ಲಿ ಅಮ್ಮನನ್ನು ಕರೆದೊಯ್ದ ಫ್ಲೂ ನನ್ನನ್ನು ಒಂದು ವಾರ ಮಲಗಿಸಿ ಬಿಟ್ಟುಹೋಯಿತು ಎಂದುಕೊಂಡಿದ್ದೆವಲ್ಲ? ಡಾಕ್ಟರು ಹೇಳುತ್ತಾರೆ, ಈ ನಿದ್ದೆಯ ಕಾಯಿಲೆ ಫ್ಲೂ ಬಿಟ್ಟುಹೋದ ಮರಿಯೋ ಜೊತೆಯಲ್ಲೇ ಬಂದ ನೆಂಟನೋ ಯಾರಿಗೂ ತಿಳಿಯದು. ಯುರೋಪಿನ ಎಲ್ಲ ಊರುಗಳಲ್ಲೂ ಹೀಗೆ ಮಲಗಿದವರು ಇದ್ದಾರಂತೆ. ಮೆದುಳಿನ ತಳದಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ, ನಿದ್ದೆಗೂ ಎಚ್ಚರಕ್ಕೂ ನಡುವಿನ ಬಾಗಿಲಿದೆ, ಅದಕ್ಕೆ ಬಾವು ಬಂದಿದೆ ಎಂದರು. ಬಾಗಿಲು ಊದಿಕೊಂಡರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಮಳೆಗಾಲದಲ್ಲಿ ನಮ್ಮ ಸೌನಾ ಸ್ನಾನದ ಮನೆಯ ಬಾಗಿಲು ಹಾಗೆಯೇ.

ಬೇಗ ಬರೆ.

ನಿನ್ನ ಸೈಮಿ

---

ಹಾಪಲುವೊತೊ ದ್ವೀಪ, ಆಗಸ್ಟ್ 22, 1920

ಸೈಮಿ,

ಕಾಗದ ಬಂತು. ಪಕ್ಕದ ಮನೆಯ ಮಾಂಡಾ ಅತ್ತೆಗೆ ಓದಿ ಹೇಳಿದೆ. ಅತ್ತರು.

ಹೇಗೆ ಬಂದೆ ಎಂದು ಕೇಳಿದ್ದೀಯ. ಹಾಸಿಗೆಯಲ್ಲೇ ಜ್ವರ ಏರಿತು, ನೀನು ಏಳಲಿಲ್ಲ. ಕಂಬಳಿಯಲ್ಲಿ ಸುತ್ತಿ ನಮ್ಮ ಗೆಳೆಯ ಫ್ರಾನ್ಸನ ದೋಣಿಯಲ್ಲಿ ತಂದೆವು. ದಾರಿಯಲ್ಲಿ ಅಲೆ ಹಾರಿ ನೆನೆದಿರಬೇಕು. ಕೂದಲಲ್ಲಿ ಉಪ್ಪು ಅದರಿಂದಲೇ. ನಿದ್ದೆಬುರುಕರ ಹಬ್ಬ ಈ ಸಲ ನಡೆಯಲಿಲ್ಲ. ಗಾಳಿ ಇತ್ತು.

ಹೊಸ ಆಲೂಗಡ್ಡೆ ಚೆನ್ನಾಗಿ ಬಂದಿದೆ, ನೀನು ನೆಟ್ಟ ಸಾಲು ಎಲ್ಲಕ್ಕಿಂತ ಚೆನ್ನಾಗಿದೆ. ಹಸು ಹಲಗೆಯ ದೋಣಿಕಟ್ಟೆ ಹತ್ತಿರ ನಿಂತು ಒಂದು ವಾರ ಕೂಗಿತು, ಈಗ ಸುಮ್ಮನಾಗಿದೆ. ಮನೆ ಗುಡಿಸಿದ್ದೇನೆ.

ನೀನು ಎಷ್ಟು ಬೇಕೋ ಅಷ್ಟು ಮಲಗು. ಯಾರಾದರೂ ಬಲವಂತವಾಗಿ ಎಬ್ಬಿಸಿದರೆ ಹೆಸರು ಬರೆದು ತಿಳಿಸು. ನಾನು ಬಂದು ಮಾತಾಡುತ್ತೇನೆ.

ವಿಲ್ಹೋ

---

ಟುರ್ಕು, ಆಗಸ್ಟ್ 30, 1920

ಅಣ್ಣಾ,

ನೀನು ಮನೆ ಗುಡಿಸಿದ್ದು ಓದಿ ಡಾಕ್ಟರಿಗಿಂತ ನಿನ್ನ ಬಗ್ಗೆಯೇ ಚಿಂತೆಯಾಯಿತು.

ಇಲ್ಲಿ ಕೆಲವರು ನನ್ನ ಹಾಗೆ ಮಲಗುತ್ತಾರೆ, ಕೆಲವರಿಗೆ ನಿದ್ದೆಯೇ ಬರುವುದಿಲ್ಲ. ಒಂದೇ ಕಾಯಿಲೆ ಒಬ್ಬರಿಗೆ ಬಾಗಿಲನ್ನು ಮುಚ್ಚುತ್ತದೆ, ಇನ್ನೊಬ್ಬರಿಗೆ ತೆರೆದಿಟ್ಟು ಗಾಳಿಗೆ ಬಿಡುತ್ತದೆ. ಎದುರು ಹಾಸಿಗೆಯ ಹಿಲ್ಮಾ ಬೇಕರಿಯಲ್ಲಿದ್ದವಳು. ಕಣ್ಣು ಮುಚ್ಚದೆ ದಿನಗಟ್ಟಲೆ ಗಾಳಿಯಲ್ಲಿ ಹಿಟ್ಟು ನಾದುತ್ತಾಳೆ. ಸಿಸ್ಟರ್ ಹೋಗುವಾಗ "ಎಷ್ಟು ರೊಟ್ಟಿ ಆಯ್ತು ಹಿಲ್ಮಾ?" ಎನ್ನುತ್ತಾರೆ. "ಒಲೆ ಇನ್ನೂ ಕಾದಿಲ್ಲ, ಸುಮ್ನೆ ಹೋಗ್ರೀ" ಎನ್ನುತ್ತಾಳೆ ಅವಳು. ಎಲ್ಲರೂ ನಗುತ್ತೇವೆ. ಅವಳ ಕೈ ಮಾತ್ರ ನಿಲ್ಲುವುದಿಲ್ಲ, ನಗುವಾಗಲೂ.

ನನ್ನದು ಜನ ತಿಳಿದುಕೊಂಡಿರುವಂಥ ನಿದ್ದೆಯಲ್ಲ, ಅಣ್ಣ. ಕನಸುಗಳಿಲ್ಲ. ತಳ ಕಾಣುವ ಆಳದಲ್ಲಿ ಮಲಗಿ ಮೇಲೆ ದೋಣಿಗಳು ಹೋಗುವುದನ್ನು ನೋಡುವ ಹಾಗೆ. ಇದನ್ನು ಬರೆಯಲು ಇನ್ನೂ ಸರಿಯಾದ ಮಾತು ಸಿಕ್ಕಿಲ್ಲ.

ಅಕ್ಟೋಬರಿನ ಸಿಲಕ್ಕ ಮೀನಿನ ಸಂತೆಗೆ ಬರುತ್ತೀಯಲ್ಲ? ನದಿಯ ದಂಡೆಯಲ್ಲಿ ದೋಣಿ ನಿಲ್ಲಿಸಿದರೆ ಇಲ್ಲಿಗೆ ಹತ್ತು ನಿಮಿಷ. ನೀನು ಬಂದಾಗ ನಾನು ಮಲಗಿದ್ದರೆ ದಯವಿಟ್ಟು ನನ್ನನ್ನು

ಸೆಪ್ಟೆಂಬರ್ 19

ಮೇಲಿನ ಮಸಿಯ ಕಲೆಯನ್ನು ಕ್ಷಮಿಸು. ಪೆನ್ನು ಕೈಯಲ್ಲಿ ಹಿಡಿದೇ ನಿದ್ದೆ ಹೋಗಿಬಿಟ್ಟೆನಂತೆ. ಲಿಂಡನ್ ಎಲೆ ಹಳದಿಯಾಗಿದೆ. ಅಂಚೆಯವನು ಕೆಳಗೆ ನಿಂತಿದ್ದಾನೆ, ಇದನ್ನು ಹೀಗೆಯೇ ಕಳಿಸುತ್ತೇನೆ, ಇಲ್ಲದಿದ್ದರೆ ಇನ್ನೊಂದು ತಿಂಗಳು.

ಸೈಮಿ

---

ಹಾಪಲುವೊತೊ, ಅಕ್ಟೋಬರ್ 16, 1920

ಸೈಮಿ,

ಈ ವರ್ಷ ಸಂತೆಗೆ ಬರಲಾಗಲಿಲ್ಲ. ಗಾಳಿ ಎದುರಿತ್ತು. ನನ್ನ ಮೀನಿನ ಪೀಪಾಯಿಗಳನ್ನು ಫ್ರಾನ್ಸ್ ಒಯ್ದ.

ಅಕ್ಷರ ತುಂಬ ಸಣ್ಣದು ಮಾಡುತ್ತಿದ್ದೀಯ. ಪುಟದ ಮೊದಲಲ್ಲಿ ಸರಿಯಿರುತ್ತದೆ, ಕೆಳಗೆ ಬರುಬರುತ್ತಾ ಇರುವೆ ಸಾಲು. ಕಾಗದ ಉಳಿಸಬೇಡ. ಒಂದು ಕಟ್ಟು ಕಳಿಸಿದ್ದೇನೆ, ದಪ್ಪನೆಯದು. ದೊಡ್ಡದಾಗಿ ಬರೆ.

ಮಾಂಡಾ ಅತ್ತೆ ನಿನಗೆ ಕಾಲುಚೀಲ ಹೆಣೆಯುತ್ತಿದ್ದಾರೆ. "ಮಲ್ಗಿರೋಳಿಗೆ ಕಾಲುಚೀಲ ಸವೆಯೋದಿಲ್ಲ, ಒಂದೇ ಜೊತೆ ಸಾಕು" ಎಂದು ಫ್ರಾನ್ಸ್ ತಮಾಷೆ ಮಾಡಿದ. ನಾನು ಅವನೊಂದಿಗೆ ಮಾತು ಬಿಟ್ಟಿದ್ದೇನೆ.

ವಿಲ್ಹೋ

---

ಟುರ್ಕು, ನವೆಂಬರ್ 2, 1920

ವಿಲ್ಹೋ,

ಫ್ರಾನ್ಸನನ್ನು ಬೈಯಬೇಡ. ಅವನಾದರೂ ತಮಾಷೆ ಮಾಡಿದ.

ನನ್ನ ಹಾಸಿಗೆಯ ಕೆಳಗೆ ಒಂದು ಪುಟ್ಟ ಪೀಪಾಯಿ ಸಿಕ್ಕಿದೆ, ಸಿಲಕ್ಕ ಉಪ್ಪು ಹಾಕಿದ್ದು. ತಳದಲ್ಲಿ ಕಾದ ಕಬ್ಬಿಣದಿಂದ ಸುಟ್ಟ ನಮ್ಮ ಮನೆಯ ಗುರುತು. ನಾನು ಸಿಸ್ಟರನ್ನು ಕೇಳಿದೆ. "ದ್ವೀಪದೋನೊಬ್ಬ ಬಂದಿದ್ದ. ನಾಲ್ಕು ಗಂಟೆ ಕೂತಿದ್ದ ಮಹಾರಾಯ, ಟೋಪಿ ಮೊಣಕಾಲ ಮೇಲಿಟ್ಕೊಂಡು. ಎಬ್ಬಿಸ್ಲಾ ಅಂದ್ರೆ ಬೆಂಕಿ ಮುಟ್ಟಿದೋರ ಥರ ಎದ್ದು 'ಬೇಡ ಬೇಡ' ಅಂದ. ಗಂಡನಾ?" ಎಂದರು. ಅಣ್ಣ ಎಂದೆ.

ಕೇಳದೆಯೂ ಗೊತ್ತಿತ್ತು. ಟಾರು, ಒದ್ದೆ ಉಣ್ಣೆ, ಮೀನು. ನಮ್ಮ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಕೋಟಿನ ವಾಸನೆ ಕೋಣೆಗೆ ಬಂದು ಕೂತಿತ್ತು. ನಾನು ಮಲಗಿದ್ದಲ್ಲೇ ಕಾದೆ. ನೀನು ಉಸಿರಾಡುತ್ತಿದ್ದೆ. ಒಂದು ಸಲ ಕೆಮ್ಮಿದೆ. ನನ್ನ ಹೆಸರು ಹಿಡಿದು ಕರೆಯಲಿಲ್ಲ. ಎದ್ದು ಹೋದೆ. ಆಮೇಲೆ ಗಾಳಿ ಎದುರಿತ್ತು ಎಂದು ಬರೆದೆ.

ನನ್ನನ್ನು ಮನೆಗೆ ಕರೆದೊಯ್ಯುವ ಮನಸ್ಸಿಲ್ಲದಿದ್ದರೆ ಹೇಳು, ಅಣ್ಣ. ಮಲಗಿರುವ ಹೆಂಗಸು ಒಂದು ಮನೆಗೆ ಎಷ್ಟು ಭಾರ ಎಂಬುದು ನನಗೆ ತಿಳಿಯುತ್ತದೆ. ಡಾಕ್ಟರು ವಸಂತದಲ್ಲಿ ಮನೆಗೆ ಹೋಗಬಹುದು ಎಂದಿದ್ದಾರೆ, ಎಬ್ಬಿಸಿ ಉಣ್ಣಿಸುವವರು ಒಬ್ಬರಿದ್ದರೆ. ಇದ್ದಾರೆಯೇ ಎಂದು ಕೇಳಿದರು. ಬರೆದು ಕೇಳುತ್ತೇನೆ ಎಂದಿದ್ದೇನೆ.

ನಿನ್ನ ದಪ್ಪ ಕಾಗದ ಬಂತು. ಕಾಗದ ಉಳಿಸುತ್ತಿಲ್ಲ. ಕೈ ತಾನಾಗಿ ಸಣ್ಣದು ಮಾಡುತ್ತಿದೆ. ದೊಡ್ಡದಾಗಿ ಬರೆಯುತ್ತಿದ್ದೇನೆ ಎಂದೇ ನನಗನಿಸುತ್ತದೆ. ಆಮೇಲೆ ನೋಡಿದರೆ ಇಷ್ಟೇ.

ಸೈಮಿ

---

ಹಾಪಲುವೊತೊ, ನವೆಂಬರ್ 29, 1920

ಸೈಮಿ,

ಮೂರು ಸಲ ಬರೆದು ಒಲೆಗೆ ಹಾಕಿದೆ. ಈಗ ಸಮುದ್ರ ಹಿಮಗಟ್ಟುವ ಕಾಲ. ದೋಣಿ ಹೋಗುವುದಿಲ್ಲ, ಮಂಜುಗಡ್ಡೆ ಕಾಲನ್ನು ತಾಳುವುದಿಲ್ಲ. ಅಂಚೆ ಇಲ್ಲ. ಹೇಗೂ ಕಳಿಸಲಾಗದ ಕಾಗದವನ್ನು ಬರೆಯುವುದು ಸುಲಭ. ಅದಕ್ಕೇ ಬರೆಯುತ್ತಿದ್ದೇನೆ.

ನಿದ್ದೆಬುರುಕರ ಹಬ್ಬ ನಡೆಯಿತು.

ಡಿಸೆಂಬರ್ 18

ಅವತ್ತು ಆರು ಗಂಟೆಗೆ ಎದ್ದೆ. ನೀನು ಏಳಲಿಲ್ಲ. ನನಗೆ ಖುಷಿಯಾಯಿತು. ಅಮ್ಮ ಹೋದಮೇಲೆ ಮನೆಯಲ್ಲಿ ನಗುವಂಥದ್ದು ಏನೂ ನಡೆದಿರಲಿಲ್ಲ. ಫ್ರಾನ್ಸನನ್ನು ಕರೆದೆ. ನಾನು ತಲೆ ಕಡೆ, ಅವನು ಕಾಲು ಕಡೆ. ಮಾಂಡಾ ಅತ್ತೆ ಪಾತ್ರೆ ಬಡಿಯುತ್ತಾ ಮುಂದೆ. ದ್ವೀಪದ ಎಲ್ಲರೂ ಕಟ್ಟೆಗೆ ಬಂದರು. ನಿನ್ನ ತಲೆ ಜೋತು ಬಿದ್ದಿತ್ತು. ನನಗೆ ಆಗಲೇ ತಿಳಿಯಬೇಕಿತ್ತು. "ನಾಟ್ಕ ಆಡ್ತಾಳೆ ಕಣೋ, ಹೋದ್ವರ್ಷಾನೂ ಹಿಂಗೇ ಆಡಿದ್ಳು, ಎಸಿ!" ಎಂದರು ಮಾಂಡಾ ಅತ್ತೆ. ನಿಜ, ಹೋದ ವರ್ಷ ನೀನು ಹಾಗೇ ಆಡಿದ್ದೆ. ನಿದ್ದೆಯ ನಟನೆ ಮಾಡಿ, ನೀರಿಗೆ ಬಿದ್ದು, ಕಟ್ಟೆಯ ಕೆಳಗೆ ಈಜಿ, ಆ ಕಡೆಯಿಂದ ಎದ್ದು ನಮ್ಮ ಬೆನ್ನಿಗೆ ನೀರು ಎರಚಿದ್ದೆ.

ಒಂದು ಎರಡು ಮೂರು ಎಂದು ನಾನೇ ಎಣಿಸಿದೆ. ಎಸೆದೆವು.

ಜನವರಿ 9, 1921

ಎಲ್ಲರೂ ನಗುತ್ತಾ ಕಟ್ಟೆಯ ಆ ಕಡೆಗೆ ಓಡಿದೆವು. ನೀನು ಅಲ್ಲಿ ಏಳುತ್ತೀಯ ಎಂದು. ಬಗ್ಗಿ ನಿಂತು ಕಾದೆವು. "ಉಸಿರು ಚೆನ್ನಾಗಿ ಹಿಡೀತಾಳೆ" ಎಂದು ನಾನು ಹೇಳಿದೆ, ಹೆಮ್ಮೆಯಿಂದ. ಸೈಮಿ, ನೀನು ಈ ಕಡೆ ಮುಳುಗುತ್ತಿದ್ದಾಗ ನಾನು ಆ ಕಡೆ ನಿಂತು ನಗುತ್ತಿದ್ದೆ.

ನಾನು ಹಾರಿ ನಿನ್ನನ್ನು ಹೊರಗೆ ತೆಗೆದೆ. ನೀನು ನೀರು ಕಕ್ಕಿದೆ, ಉಸಿರಾಡಿದೆ, ಕಣ್ಣು ಮಾತ್ರ ತೆರೆಯಲಿಲ್ಲ. ಆ ತಣ್ಣೀರೇ ನಿನ್ನ ತಲೆಗೆ ಹೊಕ್ಕಿತು. ಬಾವು, ಬಾಗಿಲು ಎಂದು ಡಾಕ್ಟರು ಏನೇ ಹೇಳಲಿ, ನನಗೆ ಗೊತ್ತು. ಅವತ್ತೇ ಆಣೆ ಇಟ್ಟೆ, ಮಲಗಿದ ನಿನ್ನ ಮೇಲೆ ಇನ್ನು ಕೈ ಇಡುವುದಿಲ್ಲ, ಎಬ್ಬಿಸುವುದಿಲ್ಲ ಎಂದು.

ಸಂತೆಗೆ ಬಂದಿದ್ದೆ, ಹೌದು. ನಿನ್ನ ಕಾಗದದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತಿತ್ತಲ್ಲ, ನೀನು ಬಂದಾಗ ನಾನು ಮಲಗಿದ್ದರೆ ದಯವಿಟ್ಟು ನನ್ನನ್ನು ಎಂದು. ಅದರ ಮುಂದಿನದ್ದನ್ನು ನಾನು ದಾರಿಯುದ್ದಕ್ಕೂ ಓದಿಕೊಂಡೇ ಬಂದೆ. ಮುಟ್ಟಬೇಡ. ಬೇರೆ ಏನು ಬರೆಯುತ್ತಿದ್ದೆ ನೀನು? ಅದಕ್ಕೇ ಮುಟ್ಟಲಿಲ್ಲ.

ಎಬ್ಬಿಸಿ ಉಣ್ಣಿಸುವವರು ಇದ್ದಾರೆಯೇ ಎಂದು ಕೇಳಿದ್ದೀಯ. ಎಬ್ಬಿಸುವ ಕೆಲಸಕ್ಕೆ ಬೇರೆ ಯಾರನ್ನಾದರೂ ಹುಡುಕಬೇಕು.

ಮಂಜುಗಡ್ಡೆ ಈಗ ಕುದುರೆಯನ್ನು ತಾಳುತ್ತದೆ. ನಾಳೆ ಅಂಚೆ ಬಂಡಿ. ಈ ಸಲ ಒಲೆಗೆ ಹಾಕುವುದಿಲ್ಲ.

ವಿಲ್ಹೋ

---

ಹಾಪಲುವೊತೊ, ಮೇ 12, 1921

ಸೈಮಿ,

ಮಂಜುಗಡ್ಡೆ ಕರಗಿ ನೀರು ತೆರೆದುಕೊಂಡು ಎಂಟು ದಿನವಾಯಿತು. ಅಂಚೆ ದೋಣಿ ಮೂರು ಸಲ ಬಂತು. ನಿನ್ನದು ಏನೂ ಇಲ್ಲ.

ನಾಲ್ಕು ತಿಂಗಳು. ನಿದ್ದೆ ಇರಬಹುದು ಎಂದುಕೊಂಡೆ. ಯಾರಾದರೂ ನಾಲ್ಕು ತಿಂಗಳು ಮಲಗುತ್ತಾರೆಯೇ? ಆ ಹಬ್ಬದ ಹಳೆಯ ಕಥೆಯಲ್ಲಿ ಏಳು ಜನ ಗುಹೆಯಲ್ಲಿ ಇನ್ನೂರು ವರ್ಷ ಮಲಗಿದ್ದರಂತೆ. ಅಮ್ಮ ಅದನ್ನು ಹೇಳುವಾಗ, ಎದ್ದಾಗ ಅವರಿಗೆ ಎಷ್ಟು ಹಸಿವಾಗಿರಬೇಕು ಎಂದು ನೀನು ಕೇಳುತ್ತಿದ್ದೆ. ನನಗೆ ಈಗ ಅನಿಸುವುದು ಬೇರೆ. ಅಷ್ಟು ವರ್ಷ ಹೊರಗೆ ಅವರ ಮನೆಯವರು ಏನು ಮಾಡುತ್ತಿದ್ದರು?

ನೀನು ಬರೆಯದಿರುವುದು ಸರಿಯೇ. ಉತ್ತರ ಬಂತು ಎಂದೇ ತಿಳಿಯುತ್ತೇನೆ. ನಿನ್ನ ಸಾಲಿನಲ್ಲಿ ಈ ವರ್ಷವೂ ಆಲೂಗಡ್ಡೆ ಹಾಕಿದ್ದೇನೆ. ಬೇಡವೆಂದರೆ ಮಾಂಡಾ ಅತ್ತೆಗೆ ಕೊಡುತ್ತೇನೆ.

ನನಗೂ ಈಗ ನಿದ್ದೆ ಬರುವುದಿಲ್ಲ. ಕಾಯಿಲೆಯಲ್ಲ, ಹೆದರಬೇಡ.

ವಿಲ್ಹೋ

---

ಟುರ್ಕು, ಜೂನ್ 11, 1921

ಅಣ್ಣಾ,

ನಿನ್ನ ಚಳಿಗಾಲದ ಕಾಗದವನ್ನು ಓದಿ ಮುಗಿಸಲು ನನಗೆ ಐದು ಎಚ್ಚರಗಳು ಬೇಕಾದವು. ಒಂದೊಂದು ತಾರೀಖಿಗೆ ಒಂದು, ಕೊನೆಯದಕ್ಕೆ ಮೂರು. ನಡುವೆ ಸೂರ್ಯ ದಕ್ಷಿಣದಿಂದ ವಾಪಸ್ಸು ಬಂದ. ನಾನು ಸಿಟ್ಟು ಮಾಡಿಕೊಂಡಿರಲಿಲ್ಲ, ಇಲ್ಲಿ ಇರಲಿಲ್ಲ, ಅಷ್ಟೇ.

ಜೂನ್ 14

ಮೊದಲ ಕಾಗದದಲ್ಲಿ ನಾನೂ ಸುಳ್ಳು ಬರೆದೆ. ನನಗೆ ನೆನಪಿತ್ತು. ನೀನೇ ಹೇಳುತ್ತೀಯೋ ಇಲ್ಲವೋ ಎಂದು ನೋಡಿದೆ. ಅದು ಒಳ್ಳೆಯ ಕೆಲಸವಲ್ಲ.

ನಾನು ಎಲ್ಲ ಕೇಳುತ್ತಿದ್ದೆ. ಪಾತ್ರೆಯ ಸದ್ದು, ಮಾಂಡಾ ಅತ್ತೆಯ ಮಾತು, ನಿನ್ನ ಎಣಿಕೆ. ಏಳು ಎಂದು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ನೀರಿನೊಳಗೆ ನಿಮ್ಮ ಕಾಲುಗಳು ಹಲಗೆಗಳ ಮೇಲೆ ಆ ಕಡೆಗೆ ಓಡಿದ್ದು ಗುಡುಗಿದ ಹಾಗೆ ಕೇಳಿಸಿತು. ನಗು ಬಂತು ಕೂಡ. ಎಂಥ ಮೋಸ ಹೋದರು ಎಂದು. ಆಮೇಲೆ ಹೆದರಿಕೆ. ಆಮೇಲೆ ನೀನು ಹಾರಿದ ಸದ್ದು.

ಜೂನ್ 29

ಮುಖ್ಯವಾದದ್ದನ್ನು ಇನ್ನೂ ಬರೆದಿಲ್ಲ. ಕೈ ಸೆಟೆದುಕೊಳ್ಳುತ್ತಿದೆ, ದಿನಕ್ಕೆ ನಾಲ್ಕು ಸಾಲು.

ಹೋದ ವರ್ಷ ಜುಲೈ ಮೊದಲ ವಾರದಿಂದಲೇ ನನಗೆ ಎಲ್ಲ ಎರಡಾಗಿ ಕಾಣುತ್ತಿತ್ತು. ಎರಡು ಹಸು, ಎರಡು ವಿಲ್ಹೋ. ಬಲೆ ಬಿಡಿಸುತ್ತಾ ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ. ಸೂಪಿನ ಚಮಚ ಬಾಯಲ್ಲಿದ್ದಾಗ ಒಂದು ದಿನ. ನೀನು ನೋಡಲಿಲ್ಲ, ಯಾಕೆಂದರೆ ನಾನು ಮರೆಮಾಡಿದೆ. ಹೇಳಿದರೆ ಪಟ್ಟಣಕ್ಕೆ ಕಳಿಸುತ್ತೀಯ, ಅಮ್ಮ ಹೋದ ಮನೆಯಲ್ಲಿ ನೀನೊಬ್ಬನೇ ಉಳಿಯುತ್ತೀಯ ಎಂದು. ತಣ್ಣೀರು ಏನೂ ಮಾಡಲಿಲ್ಲ, ಅಣ್ಣ. ಬಾಗಿಲು ಅದಕ್ಕೂ ಮೊದಲೇ ಊದಿತ್ತು.

ಜುಲೈ 8

ಅರ್ಧಕ್ಕೆ ನಿಂತ ಸಾಲು. ದಯವಿಟ್ಟು ನನ್ನನ್ನು ಎಬ್ಬಿಸು. ಅದೇ ಬರೆಯುತ್ತಿದ್ದದ್ದು.

ಯಾರಾದರೂ ಹೆಸರು ಹಿಡಿದು ಕರೆದು ಮುಟ್ಟಿದರೆ ನಮ್ಮಲ್ಲಿ ಕೆಲವರು ಏಳುತ್ತೇವೆ, ಸ್ವಲ್ಪ ಹೊತ್ತು. ನಾವಾಗಿಯೇ ಏಳಲಾರೆವು. ಸಿಸ್ಟರಿಗೆ ಹನ್ನೆರಡು ಹಾಸಿಗೆ, ಎರಡು ಕೈ. ನೀನು ಬಂದ ದಿನ ಆ ನಾಲ್ಕು ಗಂಟೆಯೂ ನಾನು ಬಾಗಿಲ ಒಳಗೆ ನಿಂತಿದ್ದೆ. ನೀನು ಹೊರಗೆ ಟೋಪಿ ಹಿಡಿದು ಕೂತಿದ್ದೆ.

ಹಿಲ್ಮಾ ಹೋದ ತಿಂಗಳು ತೀರಿಕೊಂಡಳು. ಎರಡು ದಿನ ಮೊದಲು ಕೈ ನಿಂತಿತ್ತು.

ಇಪ್ಪತ್ತೇಳಕ್ಕೆ ಬಾ. ಕೂಗು

---

ಟುರ್ಕು, ಜುಲೈ 27, 1921

ಸೈಮಿ,

ಈ ಕಾಗದಕ್ಕೆ ಅಂಚೆಚೀಟಿ ಬೇಡ. ನಿನ್ನ ಹಾಸಿಗೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ದಿಂಬಿನ ಕೆಳಗೆ ಇಡುತ್ತೇನೆ. ಎದ್ದಾಗ ಇವತ್ತಿನದು ಕನಸು ಎಂದುಕೊಳ್ಳಬೇಡ. ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಎದ್ದವನೂ ನಾನೇ, ಕೊನೆಗೆ ಎದ್ದವನೂ ನಾನೇ. ಕಟ್ಟೆಗೆ ಹೋಗಿ ಬಟ್ಟೆ ಸಮೇತ ಹಾರಿದೆ. ಈ ವರ್ಷ ಯಾರೂ ಪಾತ್ರೆ ಬಡಿದಿರಲಿಲ್ಲ. ಮಾಂಡಾ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಯಾಕೋ, ಹುಚ್ಚು ಹಿಡೀತಾ?" ಎಂದರು. "ಇವತ್ತು ನಿದ್ದೆಬುರುಕರ ಹಬ್ಬ" ಎಂದೆ. ಒಳಗೆ ಹೋಗಿ ಕಾಲುಚೀಲ ತಂದು ಕೊಟ್ಟರು. ಎರಡು ಜೊತೆ.

ಹಾಲಿನ ಕ್ಯಾನಿನಲ್ಲಿ ಕಟ್ಟೆಯ ಹತ್ತಿರದ ನೀರು ತುಂಬಿಕೊಂಡೆ. ಸ್ಟೀಮರಿನಲ್ಲಿ ಒಬ್ಬ "ಹಾಲು ಮಾರ್ತೀಯಾ?" ಎಂದು ಕೇಳಿದ. ಸಮುದ್ರದ ನೀರು ಎಂದೆ. ಆಮೇಲೆ ಅವನು ಬೇರೆ ಬೆಂಚಿಗೆ ಹೋದ.

ಹನ್ನೊಂದಕ್ಕೆ ಇಲ್ಲಿ ಬಂದೆ. ನೀನು ಸಣ್ಣಗಾಗಿದ್ದೀಯ. ಮುಖ ನಯವಾಗಿದೆ, ಯಾರೋ ಇಸ್ತ್ರಿ ಮಾಡಿದ ಹಾಗೆ. ಹೆಸರು ಹಿಡಿದು ಕರೆದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಹಾಗೆ ಕರೆದ್ರೆ ಬೆಕ್ಕೂ ಏಳಲ್ಲ" ಎಂದರು ಸಿಸ್ಟರ್. ಜೋರಾಗಿ ಕರೆದೆ. ಕೈಯನ್ನು ಕ್ಯಾನಿನಲ್ಲಿ ಅದ್ದಿದೆ. ಅದ್ದಿದ ಮೇಲೆ ನಿನ್ನ ಹಣೆಯ ತನಕ ತರಲು ಬಹಳ ಹೊತ್ತು ಹಿಡಿಯಿತು. ನೀರು ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಕೊನೆಗೆ ಇಟ್ಟೆ.

ನೀನು ಕಣ್ಣು ಬಿಟ್ಟೆ.

ನನ್ನನ್ನು ನೋಡಿದೆ. ಆಮೇಲೆ, ಒಂದೊಂದೇ ಮಾತನ್ನು ಬಾವಿಯಿಂದ ಸೇದುವವಳ ಹಾಗೆ, "ಇಷ್ಟೊತ್ತಾ, ಬರೋಕೆ?" ಎಂದೆ.

"ಗಾಳಿ ಇತ್ತು" ಎಂದೆ ನಾನು.

"ಸುಳ್ಳ" ಎಂದೆ ನೀನು. ಮುಖ ನಗಲಿಲ್ಲ, ಅದಕ್ಕೆ ಈಗ ನಗಲು ಬರುವುದಿಲ್ಲವಂತೆ. ಆದರೆ ನನಗೆ ಗೊತ್ತಾಯಿತು.

ನಿನ್ನ ಸಾಲಿನ ಆಲೂಗಡ್ಡೆ ಬೇಯಿಸಿ ತಂದಿದ್ದೆ, ಸಬ್ಬಸಿಗೆ ಹಾಕಿ. ನೀನು ಎರಡು ತಿಂದೆ. ಮೂರನೆಯದನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದೆ. ಸಿಸ್ಟರ್ ಬೆರಳು ಹಾಕಿ ತೆಗೆದರು. ಅದನ್ನೂ ಕಲಿತುಕೊಂಡೆ. ಮನೆಯಲ್ಲಿ ಬೇಕಾಗುತ್ತದೆ.

ಒಂದೂವರೆಗೆ ಎರಡನೇ ಸಲ ಕರೆದೆ. ಈ ಸಲ ಒದ್ದೆ ಕೈ ನೇರ ಹಣೆಗೆ ಹೋಯಿತು, ನೀನು ಎದ್ದೆ. ಮನೆಗೆ ಕರೆದೊಯ್ಯುತ್ತೇನೆ, ದಿನವೂ ಎಬ್ಬಿಸುತ್ತೇನೆ, ಬೈದರೂ ಎಬ್ಬಿಸುತ್ತೇನೆ ಎಂದೆ. ನೀನು ಚಾವಣಿ ನೋಡುತ್ತಾ "ಕಟ್ಟೆಯ ಆ ಕಡೆ ಕಾಯ್ತಿರು. ಬರ್ತೀನಿ" ಎಂದೆ.

ಕಣ್ಣು ಮುಚ್ಚಿತು.

ಡಾಕ್ಟರನ್ನು ನೋಡಿದೆ. ಎದ್ದು ನಾಲ್ಕು ಮಾತು ಆಡಿ, ಕೂತು ಉಣ್ಣುವ ಹಾಗಿದ್ದರೆ ಸ್ಟೀಮರಿನಲ್ಲಿ ಕರೆದೊಯ್ಯಬಹುದು ಎಂದರು. ಎದ್ದರೆ. ಈಚೆಗೆ ಮೂರು ವಾರದಲ್ಲಿ ನೀನು ಎದ್ದದ್ದು ಇವತ್ತೇ ಅಂತೆ.

ಎರಡೂವರೆಗೆ ಕರೆದೆ. ಏಳಲಿಲ್ಲ. ಭುಜ ಹಿಡಿದು ಅಲುಗಿಸಿದೆ, ಹೆಸರು ಕೂಗಿದೆ. ಪಕ್ಕದ ಹಾಸಿಗೆಯವರು ಎದ್ದರು. ಅವರಿಗೆ ಆಲೂಗಡ್ಡೆ ಕೊಟ್ಟೆ. ಕ್ಯಾನಿನ ನೀರು ಈಗ ಕೋಣೆಯಷ್ಟೇ ಬೆಚ್ಚಗಾಗಿದೆ.

ಮೂರಕ್ಕೂ ಕೂಗಿದೆ.

ಸ್ಟೀಮರು ನಾಲ್ಕಕ್ಕೆ ಬಿಡುತ್ತದೆ. ನಾಳೆಯೂ ಒಂದಿದೆ, ನಾಡಿದ್ದೂ ಇದೆ. ನಾನು ಹಸುವನ್ನು ಮಾಂಡಾ ಅತ್ತೆಗೆ ಒಪ್ಪಿಸಿ ಬಂದಿದ್ದೇನೆ. ಎರಡು ಟಿಕೆಟು ತೆಗೆದಿದ್ದೇನೆ. ಟೋಪಿ ಮೊಣಕಾಲ ಮೇಲಿಲ್ಲ, ಮೊಳೆಗೆ ತೂಗುಹಾಕಿದ್ದೇನೆ.

ಮೂರೂಮುಕ್ಕಾಲಿಗೆ ಇನ್ನೊಮ್ಮೆ ಕೂಗುತ್ತೇನೆ.

ವಿಲ್ಹೋ